ಮೂಟೆಯಮ್ಮನ ತೂಕ

ಜನವರಿ ೯

ಅಕ್ಕಾ,

ಹೇಗಿದ್ದೀಯ? ಭಾವನವರ ಮಂಡಿನೋವು ಹೇಗಿದೆ? ಈ ಕಾಲದಲ್ಲೂ ಕಾಗದ ಬರೆಯುವವನು ಯಾರಪ್ಪ ಎಂದು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿರುತ್ತೀಯ. ಕಾರಣ ಇದೆ. ನಾನು ಬರೆದ ಮೂಟೆಯಮ್ಮ ಪರೀಕ್ಷೆಗೆಂದು ನಿನ್ನ ಕೋಣೆಗೆ ಬರುತ್ತಿದ್ದಾಳೆ. ವಿಡಿಯೊ ಆಟದ ಪಾತ್ರಗಳ ಚಿತ್ರ ಬರೆಯುವವರು ಅವನ್ನು ಪರೀಕ್ಷೆ ಮಾಡಿಸುವವರ ಜೊತೆ ಮಾತಾಡಬಾರದೆಂದು ನಮ್ಮ ಕಂಪನಿಯ ನಿಯಮ. ಫೋನು, ಕಂಪ್ಯೂಟರು ಎರಡೂ ಕಂಪನಿಯವೇ. ನಾನು ನಿನ್ನ ತಮ್ಮ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅದೂ ಅಲ್ಲದೆ ದಿನವಿಡೀ ಪರದೆ ನೋಡಿ ಕಣ್ಣು ಉರಿಯುತ್ತದೆ, ಕಾಗದದ ಮುಂದೆ ಕೂತರೆ ಅಷ್ಟಿಲ್ಲ.

ಅವಳು ಯಾರೆಂದು ಹೇಳಿಬಿಡುತ್ತೇನೆ. ಬಂದರಿನಲ್ಲಿ ಮೂಟೆ ಹೊರುವ ಹೆಂಗಸು, ವಯಸ್ಸು ಐವತ್ತರ ಆಸುಪಾಸು. ಊರಿಗೆ ಸಮುದ್ರ ನುಗ್ಗುತ್ತಿದೆ. ಜನ ತಮ್ಮ ತಮ್ಮ ಸಾಮಾನು ಕಟ್ಟಿ ಅವಳ ಬೆನ್ನಿಗೆ ಏರಿಸುತ್ತಾರೆ, ಆಡುವವನು ಅವಳನ್ನು ಗುಡ್ಡದ ಮೇಲೆ ತಲುಪಿಸಬೇಕು. ಅಷ್ಟೇ ಆಟ. ಕತ್ತಿಯಿಲ್ಲ, ಬಂದೂಕಿಲ್ಲ. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಕೇಳಿದವರು ಕೇಳಿದಂತೆ ರಾಜ, ರಾಕ್ಷಸ, ರಾಜಕುಮಾರಿ ಎಲ್ಲ ಬರೆದುಕೊಟ್ಟಿದ್ದೇನೆ. ಯಾರೂ ಕೇಳದೆ ನಾನಾಗಿ ಬರೆದವಳು ಇವಳೊಬ್ಬಳೇ.

ಉಳಿದ ಪ್ರಾಂತ್ಯಗಳಿಂದ ಅಭಿಪ್ರಾಯ ಬಂದಾಯಿತು. ಒಂದು ಕಡೆಯವರಿಗೆ ನೆರೆಗೂದಲು ಹಿಡಿಸಲಿಲ್ಲ, ಕಪ್ಪು ಮಾಡಿದೆ. ಇನ್ನೊಂದು ಕಡೆಯವರಿಗೆ ಕಣ್ಣು ಚಿಕ್ಕದಾಯಿತು, ಹಿಗ್ಗಿಸಿದೆ. ಮತ್ತೊಂದು ಕಡೆ ತೋಳು ಕಾಣಬಾರದೆಂದರು, ತುಂಬುತೋಳಿನ ಅಂಗಿ ಹಾಕಿದೆ. ಆ ತೋಳಿನ ನರಗಳನ್ನು ಬರೆಯಲು ನನಗೆ ಎರಡು ವಾರ ಹಿಡಿದಿತ್ತು. ಅಂಗಿಯ ಒಳಗೆ ಹಾಗೇ ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಉಳಿದಿರುವುದು ಅವಳ ಮೈಕಟ್ಟು ಒಂದೇ. ನಿಮ್ಮ ಪ್ರಾಂತ್ಯದವರಿಗೆ ದಪ್ಪಗಿರುವವರು ಆಗಿಬರುವುದಿಲ್ಲ ಎಂಬುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ನಮ್ಮ ಆಟಗಳು ಹೆಚ್ಚು ಓಡುವುದು ನಿಮ್ಮಲ್ಲಿಯೇ ಆದ್ದರಿಂದ ನೀವು ಬೇಡವೆಂದರೆ ಎಲ್ಲ ಕಡೆಗೂ ಅವಳ ಮೈ ಬದಲಾಗುತ್ತದೆ.

ಶಿಫಾರಸು ಕೇಳುತ್ತಿಲ್ಲ. ಜನ ಅವಳನ್ನು ನೋಡುವಾಗ ನೀನು ಅಲ್ಲಿರುತ್ತೀಯಲ್ಲ ಎಂದು ಮಾತ್ರ ಬರೆದೆ. ನನ್ನದೇನೂ ವಿಶೇಷವಿಲ್ಲ, ಎಲ್ಲ ಎಂದಿನಂತೆಯೇ ಇದೆ.

ನಿನ್ನ ತಮ್ಮ


ಜನವರಿ ೨೭

ಗೀಚಪ್ಪಾ,

ನಿನ್ನ ಲಕೋಟೆ ಕೈಗೆ ಬಂದಾಗ ನಿನ್ನ ಭಾವ ಬಾಗಿಲಲ್ಲೇ ನಿಂತು, "ಕೋರ್ಟಿನಿಂದ ಏನಾದ್ರೂ ಬಂತಾ?" ಎಂದು ಕೇಳಿದರು. ಅವರ ಮಂಡಿನೋವು ಇದ್ದಷ್ಟೇ ಇದೆ, ಅದರ ಬಗ್ಗೆ ಮಾತು ಮಾತ್ರ ಜಾಸ್ತಿಯಾಗಿದೆ. ಗೋಡೆಯ ಮೇಲೆಲ್ಲ ಗೀಚಿ ಬೈಸಿಕೊಳ್ಳುತ್ತಿದ್ದವನು ಈಗ ಹೆಂಗಸಿನ ತೋಳಿನ ನರಗಳ ಬಗ್ಗೆ ಎರಡು ವಾರ ತಲೆಕೆಡಿಸಿಕೊಳ್ಳುತ್ತಾನೆ ಎಂದು ಅವರಿಗೆ ಓದಿ ಹೇಳಿದೆ. "ಪಾಪ, ಮದುವೆ ಮಾಡ್ಬೇಕು ಅವನಿಗೆ" ಎಂದರು.

ನಿನ್ನ ಮೂಟೆಯಮ್ಮ ಬಂದು ಹೋದಳು. ನಮ್ಮ ಕೋಣೆಯನ್ನು ನೀನು ನೋಡಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಗೋಡೆಯ ಮೇಲೊಂದು ಅಗಲವಾದ ಟೀವಿ, ಎದುರಿಗೆ ಸ್ಪಂಜು ಇಳಿದುಹೋದ ಸೋಫಾ, ಪಕ್ಕದ ಗಾಜಿನ ಹಿಂದೆ ನಾನು. ಜನ ಬಂದು ಆಡುತ್ತಾರೆ, ಆಮೇಲೆ ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ಈ ಸಲ ನಿನ್ನವಳು ಪರದೆಯ ಮೇಲೆ ಬಂದು ನಿಂತ ಕೂಡಲೇ ಬಸ್ ಡ್ರೈವರೊಬ್ಬ ನಕ್ಕುಬಿಟ್ಟ. "ಇವಳು ಮೂಟೆ ಹೊರ್ತಾಳೋ, ಇವಳೇ ಮೂಟೆಯೋ?" ಎಂದ. ಹಲ್ಲಿನ ಡಾಕ್ಟರಮ್ಮ ಒಬ್ಬರು ಬರುತ್ತಾರೆ, "ಇಷ್ಟು ತೂಕ ಇಟ್ಕೊಂಡು ಗುಡ್ಡ ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ, ನಂಗೆ ಆಡೋಕೇ ಭಯ ಆಗುತ್ತೆ" ಎಂದರು. ನಿವೃತ್ತರಾದ ಲೆಕ್ಕದ ಮೇಷ್ಟ್ರೊಬ್ಬರು ಮಾತ್ರ, "ಮುಖ ಲಕ್ಷಣವಾಗಿದೆಯಮ್ಮಾ. ಯಾರೋ ಮೇಲಿಂದ ಅದುಮಿದ ಹಾಗಿದ್ದಾಳೆ ಅಷ್ಟೇ" ಎಂದರು.

ಅದನ್ನೆಲ್ಲ ಹಾಗೆಯೇ ಬರೆದು ಕಳಿಸಿದ್ದೇನೆ. ಒಂದಕ್ಷರವನ್ನೂ ಮೃದು ಮಾಡಲಿಲ್ಲ. ನಾಳೆ ನಾವು ಅಕ್ಕತಮ್ಮ ಎಂದು ಗೊತ್ತಾದರೆ, ತಮ್ಮನಿಗಾಗಿ ವರದಿ ತಿದ್ದಿದಳು ಎಂಬ ಮಾತು ಬರಬಾರದು. ನಿಜ ಹೇಳಬೇಕೆಂದರೆ ನನಗೂ ಅವಳು ಸ್ವಲ್ಪ ಅತಿಯಾದಳು ಎನ್ನಿಸಿತು.

ನೀನು ಬೇಜಾರು ಮಾಡಿಕೊಳ್ಳಬೇಡ, ಇದು ನಿನಗೊಬ್ಬನಿಗೆ ಬಂದದ್ದಲ್ಲ. ಈ ಕೋಣೆ ಶುರುವಾಗಿ ಮೂರು ವರ್ಷವಾಯಿತು. ಕಮ್ಮಾರ ಬಂದ, ದಪ್ಪ ಎಂದರು. ರಾಜ ಬಂದ, ದಪ್ಪ ಎಂದರು. ಹೋದ ವರ್ಷ ಒಂದು ಕರಡಿ ಬಂತು, ಅದಕ್ಕೂ ದಪ್ಪ ಎಂದರು. ಈ ಕಡೆಯವರ ಕಣ್ಣೇ ಹಾಗೆ. ಮೇಲಿನವರು ಈ ವರ್ಷ ನಮ್ಮ ಕೋಣೆಯ ಮೇಲೆ ಸ್ವಲ್ಪ ಹೆಚ್ಚೇ ಕಣ್ಣಿಟ್ಟಿದ್ದಾರೆ, ಅದೇನು ಹೊಸದಲ್ಲ ಬಿಡು. ಎರಡನೇ ಸುತ್ತಿಗೆ ಅವಳನ್ನು ಸ್ವಲ್ಪ ಇಳಿಸಿ ಕಳಿಸು.

ಹೊತ್ತು ಹೊತ್ತಿಗೆ ಊಟ ಮಾಡು.

ಅಕ್ಕ


ಫೆಬ್ರವರಿ ೧೨

ಅಕ್ಕಾ,

ಆ ಕರಡಿಯನ್ನು ತೆಳ್ಳಗೆ ಮಾಡಿದವನು ನಾನೇ. ಮುಗಿಸುವ ಹೊತ್ತಿಗೆ ಅದು ಕರಡಿಯ ತೊಗಲು ಹೊದ್ದ ನಾಯಿಯ ಹಾಗಿತ್ತು. ನಿಮ್ಮ ಕಡೆ ಅದು ಚೆನ್ನಾಗಿ ಓಡಿತು ಎಂದು ನಮ್ಮ ಮುಖ್ಯಸ್ಥರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ಮೂಟೆಯಮ್ಮನ ಭುಜ ಇಳಿಸಿದೆ, ಸೊಂಟ ಇಳಿಸಿದೆ. ಮಾಡುವುದು ಕಷ್ಟವಲ್ಲ, ಒಂದು ಮಧ್ಯಾಹ್ನದ ಕೆಲಸ. ಆದರೆ ನಡಿಗೆ ಕೆಟ್ಟುಹೋಗುತ್ತದೆ. ಅವಳನ್ನು ಬರೆಯುವ ಮುಂಚೆ ಇಲ್ಲಿನ ತರಕಾರಿ ಮಂಡಿಗೆ ಹೋಗಿ ಬೆಳಬೆಳಿಗ್ಗೆ ನಿಂತು ನೋಡುತ್ತಿದ್ದೆ. ಅಲ್ಲಿ ಚೀಲ ಹೊರುವ ಹೆಂಗಸರು ಎತ್ತುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಹಿಮ್ಮಡಿ ಊರುತ್ತಾರೆ, ಆಮೇಲೆ ಸೊಂಟ, ಕೊನೆಗೆ ಬೆನ್ನು. ಕೆಳಗೆ ಭಾರ ಇರುವುದರಿಂದಲೇ ಮೇಲಿನ ಭಾರ ನಿಲ್ಲುತ್ತದೆ. ಅವರಲ್ಲೊಬ್ಬಾಕೆ ನನ್ನನ್ನು ನೋಡಿ ನೋಡಿ ಸಾಕಾಗಿ, "ಏನಪ್ಪಾ, ಹೊರೋಕೆ ಬಂದ್ಯಾ, ನೋಡೋಕೆ ಬಂದ್ಯಾ?" ಎಂದಳು. ನೋಡೋಕೆ ಎಂದೆ. "ಹಂಗಾದ್ರೆ ದಾರಿ ಬಿಟ್ಟು ನಿಂತ್ಕೊ" ಎಂದಳು. ಆ ದನಿಯನ್ನೂ ಸೇರಿಸಿ ಮೂಟೆಯಮ್ಮನನ್ನು ಮಾಡಿದ್ದೆ. ಈಗ ಮೈ ಇಳಿಸಿದ ಮೇಲೆ ಅವಳು ಮೂಟೆ ಹೊತ್ತಂತೆ ಕಾಣುವುದಿಲ್ಲ, ಅವಳ ಬೆನ್ನಿಗೆ ಯಾರೋ ಮೂಟೆ ಅಂಟಿಸಿದಂತೆ ಕಾಣುತ್ತಾಳೆ.

ಸುಸ್ತಾಗಿದೆ ಅಕ್ಕ. ಕೆಲಸದ ಸುಸ್ತಲ್ಲ, ಅದು ಮಲಗಿದರೆ ಹೋಗುತ್ತದೆ. ಬರೆದದ್ದನ್ನು ಅಳಿಸುವುದರಲ್ಲೇ ವರ್ಷಗಳು ಹೋದವು. ನಮ್ಮ ಕಚೇರಿಯ ಗೋಡೆಯಲ್ಲಿ ನನ್ನ ಪಾತ್ರಗಳೆಲ್ಲ ಸಾಲಾಗಿ ನಿಂತಿವೆ, ಯಾರನ್ನು ನೋಡಿದರೂ ಮಾತಾಡಿಸಬೇಕು ಅನ್ನಿಸುವುದಿಲ್ಲ.

ಇದರ ಜೊತೆ ಒಂದು ಕೊಳವೆ ಕಳಿಸುತ್ತಿದ್ದೇನೆ. ಅದರಲ್ಲಿ ಮೂಟೆಯಮ್ಮನ ಮೈ ಇಳಿಸುವ ಮೊದಲಿನ ರೂಪವನ್ನು ದೊಡ್ಡದಾಗಿ ಮುದ್ರಿಸಿ ಇಟ್ಟಿದ್ದೇನೆ. ಇನ್ನು ಅವಳು ಎಲ್ಲಿಯೂ ಹಾಗಿರುವುದಿಲ್ಲ, ನಿನ್ನ ಹತ್ತಿರವಾದರೂ ಇರಲಿ. ಮನೆಯಲ್ಲೆಲ್ಲಾದರೂ ತೂಗುಹಾಕು.

ತಮ್ಮ


ಮಾರ್ಚ್ ೩

ತಮ್ಮಾ,

ಕೊಳವೆ ಬಂತು. ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ನೋಡಿದೆ. ಬಹಳ ಚೆನ್ನಾಗಿದ್ದಾಳೆ. ಆದರೆ ಜನವರಿಯಲ್ಲಿ ನಾನು ಗಾಜಿನ ಹಿಂದೆ ಕೂತು ನೋಡಿದವಳು ಇವಳಲ್ಲ.

ಇವಳು ಗಟ್ಟಿಮುಟ್ಟಾದ ಹೆಂಗಸು, ಅಷ್ಟೇ. ಇವಳನ್ನು ಯಾರೂ ಮೂಟೆ ಎನ್ನುವುದಿಲ್ಲ. ನಿನ್ನ ಭಾವನೂ ಬಂದು ನೋಡಿ, "ಇದಕ್ಕಾ ಅಷ್ಟೊಂದು ರಾದ್ಧಾಂತ?" ಎಂದರು. ಪರೀಕ್ಷೆಗೆ ಒಂದು ಕಳಿಸಿ, ನನಗೊಂದು ಕಳಿಸಿ, ಇದೇ ಅದು ಎನ್ನುತ್ತೀಯ. ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿದ ದಿನ ಅಮ್ಮನ ಚಿತ್ರವನ್ನು ಇದ್ದದ್ದಕ್ಕಿಂತ ಚೆಂದ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದೆಯಲ್ಲ, ಅದೇ ಬುದ್ಧಿ. ಅಮ್ಮ ಕರಗುತ್ತಿದ್ದಳು. ನಾನು ಈ ಕೆಲಸದಲ್ಲಿ ಕೂತಿರುವಷ್ಟು ದಿನ ಕರಗುವ ಹಾಗಿಲ್ಲ.

ನನಗೆ ಬೆಣ್ಣೆ ಹಚ್ಚಬೇಕಾಗಿರಲಿಲ್ಲ. ಜನ ಹೇಳಿದ್ದನ್ನು ನಾನು ಬರೆಯುತ್ತೇನೆ, ನೀನು ಅದನ್ನು ನೋಡಿ ತಿದ್ದುತ್ತೀಯ, ಇಬ್ಬರ ಅನ್ನವೂ ಅದರಲ್ಲಿದೆ. ನನ್ನ ವರದಿ ತಪ್ಪು ಎಂದು ತೋರಿಸಲು ಇಷ್ಟು ದೂರ ಹೋದೆಯಲ್ಲ ಎಂದು ಮನಸ್ಸಿಗೆ ನೋವಾಯಿತು. ಕೊಳವೆಯನ್ನು ಕಪಾಟಿನ ಮೇಲೆ ಹಾಕಿದ್ದೇನೆ.

ಅಕ್ಕ


ಮಾರ್ಚ್ ೩೦

ಅಕ್ಕ,

ಕೂಡಲೇ ಉತ್ತರ ಬರೆದಿದ್ದರೆ ಬರೆಯಬಾರದ್ದನ್ನು ಬರೆಯುತ್ತಿದ್ದೆ, ಅದಕ್ಕೇ ಇಷ್ಟು ದಿನ ಬಿಟ್ಟೆ.

ಅದು ಅದೇ ಚಿತ್ರ. ನಿಮ್ಮ ಕೋಣೆಗೆ ಹೋದದ್ದೂ ಅದೇ, ಕಾಗದದ ಮೇಲೆ ಬಂದದ್ದೂ ಅದೇ. ಒಂದು ಕೂದಲೆಳೆಯನ್ನೂ ಬದಲಾಯಿಸಿಲ್ಲ. ನಿನಗೆ ಬೆಣ್ಣೆ ಹಚ್ಚಬೇಕೆಂದಿದ್ದರೆ ಹಚ್ಚುವುದಕ್ಕೆ ನನಗೆ ಕಾರಣವಿತ್ತು. ಅದನ್ನೇ ನಿನಗೆ ಹೇಳದೆ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಎರಡನೇ ಸುತ್ತಿನಲ್ಲೂ ನಿಮ್ಮ ಪ್ರಾಂತ್ಯ ಒಪ್ಪದಿದ್ದರೆ ಮೂಟೆಯಮ್ಮನನ್ನು ನನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಡುತ್ತಾರೆ. ನನ್ನನ್ನು ಕಲ್ಲುಮರದ ವಿಭಾಗಕ್ಕೆ ಹಾಕುತ್ತಾರೆ. ಆಟದಲ್ಲಿ ಪಾತ್ರಗಳ ಹಿಂದೆ ಬಂಡೆ, ಗೋಡೆ, ಪೊದೆ ಇರುತ್ತವಲ್ಲ, ಅದನ್ನು ಬರೆಯುವ ಜಾಗ. ಅಲ್ಲಿಗೆ ಹೋದವರು ಯಾರೂ ಈ ಕಡೆ ತಿರುಗಿ ಬಂದಿಲ್ಲ. ನವೆಂಬರಿನಲ್ಲೇ ಮುಖ್ಯಸ್ಥರು ಕರೆದು ಹೇಳಿದರು, ಬಹಳ ಮರ್ಯಾದೆಯಿಂದಲೇ ಹೇಳಿದರು.

ನನಗೆ ಮನುಷ್ಯರನ್ನು ಬರೆಯುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ಇದು ಗೊತ್ತಾದರೆ ನನಗಾಗಿ ಏನಾದರೂ ತಿದ್ದಿ ನೀನೂ ಸಿಕ್ಕಿಹಾಕಿಕೊಂಡೀಯ ಎಂದು ಹೇಳಿರಲಿಲ್ಲ. ನೀನು ನೋಡಿದರೆ ನಾನೇ ಮೋಸ ಮಾಡಿದೆ ಎನ್ನುತ್ತೀಯ. ನಂಬುವುದಾದರೆ ನಂಬು, ಇಲ್ಲದಿದ್ದರೆ ಬಿಡು.


ಏಪ್ರಿಲ್ ೧೧

ನನ್ನ ಗೀಚಪ್ಪಾ,

ನಿನ್ನ ಕಾಗದ ಓದಿದ ಮೇಲೂ ನಂಬಲಿಲ್ಲ. ಸುಳ್ಳು ಹೇಳುವವನು ಇಷ್ಟು ಸಿಟ್ಟಾಗುತ್ತಾನೆಯೇ ಎಂಬ ಅನುಮಾನ ಮಾತ್ರ ಬಂತು. ನಿನ್ನ ಸುಳ್ಳನ್ನು ನಿನ್ನ ಮುಖಕ್ಕೇ ಹಿಡಿಯಬೇಕೆಂದು ಕೊಳವೆ ಇಳಿಸಿಕೊಂಡು ಕೋಣೆಗೆ ಹೋದೆ. ಅಂದು ಯಾರೂ ಆಡಲು ಬರುವವರಿರಲಿಲ್ಲ. ಜನವರಿಯ ಆಟವನ್ನು ಮತ್ತೆ ಹಚ್ಚಿ, ಮೂಟೆಯಮ್ಮ ನೆಟ್ಟಗೆ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ನಿನ್ನ ಚಿತ್ರವನ್ನು ಟೀವಿಯ ಪಕ್ಕ ಹಿಡಿದೆ.

ಅಂಗಿಯ ಗುಂಡಿ ಅವೇ. ಕುತ್ತಿಗೆಯ ಹತ್ತಿರದ ಮಚ್ಚೆ ಅದೇ. ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಗಲ ಮಾತ್ರ ಒಂದಕ್ಕೆ ಒಂದೂಕಾಲಿಗಿಂತ ಜಾಸ್ತಿ. ಅಳತೆಪಟ್ಟಿ ಇಟ್ಟು ನೋಡಿದೆ. ಅವಳೊಬ್ಬಳೇ ಅಲ್ಲ, ಅವಳ ಬೆನ್ನಿನ ಮೂಟೆಯೂ ಅಗಲ, ಪಕ್ಕದ ಪೀಪಾಯಿಯೂ ಅಗಲ. ನೀನು ಪೀಪಾಯಿಯ ಬಾಯಿ ದುಂಡಗೆ ಬರೆದಿದ್ದೀಯ, ನನ್ನ ಟೀವಿಯಲ್ಲಿ ಅದು ಮೊಟ್ಟೆಯ ಹಾಗಿತ್ತು. ಅಲ್ಲೇ ಸೋಫಾದ ಮೇಲೆ ತಲೆ ಮೇಲೆ ಕೈಹೊತ್ತು ಕೂತುಬಿಟ್ಟೆ.

ವಿಷಯ ಇಷ್ಟೇ. ಪರೀಕ್ಷೆಗೆಂದು ಕಂಪನಿ ಕೊಟ್ಟಿರುವ, ಆಟ ಓಡಿಸುವ ಪೆಟ್ಟಿಗೆ ಹಳೆಯದು, ಅದರಿಂದ ಬರುವ ಚಿತ್ರ ಚೌಕ. ನಮ್ಮ ಟೀವಿ ಅಗಲ. ಸರಿಯಾಗಿ ಇಟ್ಟರೆ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಟೀವಿ ತೂಗುಹಾಕಿದವನು ಪಟ್ಟಿ ಉಳಿದರೆ ಲಕ್ಷಣವಾಗಿರುವುದಿಲ್ಲ ಎಂದು ಚಿತ್ರವನ್ನು ಎರಡೂ ಕಡೆ ಎಳೆದು ಪರದೆ ತುಂಬಿಸಿ ಹೋಗಿದ್ದಾನೆ. ಅಚ್ಚುಕಟ್ಟಾಗಿದೆ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ಮೂರು ವರ್ಷ ಇಲ್ಲಿಗೆ ಬಂದವರೆಲ್ಲ ದಪ್ಪ ಎಂದರು, ಅವರು ಕಂಡದ್ದನ್ನೇ ಹೇಳಿದರು. ನಾನು ಅದನ್ನೇ ಬರೆದೆ. ನೀವು ಅಲ್ಲಿ ಕಮ್ಮಾರನನ್ನೂ ಕರಡಿಯನ್ನೂ ಕೊರೆದಿರಿ. ಆಟ ಮಾರುವ ಅಂಗಡಿಗಳ ಪೋಸ್ಟರುಗಳಲ್ಲಿ ಅವರೆಲ್ಲ ಸಣಕಲಾಗಿ ಕಾಣುವಾಗ, ಪೋಸ್ಟರು ಬರೆಯುವವರು ಹಾಗೇ ಬರೆಯುತ್ತಾರೇನೋ ಎಂದುಕೊಳ್ಳುತ್ತಿದ್ದೆ. ಈ ಕಡೆಯವರ ಕಣ್ಣಿಗೆ ಏನೂ ಆಗಿಲ್ಲ.

ನಿನ್ನ ಮೇಲೆ ಸುಳ್ಳು ಹೊರಿಸಿದೆ. ತಪ್ಪಾಯಿತು ಮರಿ, ಕ್ಷಮಿಸು.

ನಾನೂ ಒಂದು ಮಾತು ಬಚ್ಚಿಟ್ಟಿದ್ದೆ. ನಮ್ಮಂಥ ಮೂರು ಕೋಣೆಗಳಲ್ಲಿ ಒಂದನ್ನು ಈ ವರ್ಷ ಮುಚ್ಚುತ್ತಾರೆ. ಯಾರ ವರದಿಯಲ್ಲಿ ಹುಳುಕಿದೆಯೋ ಅವರದು. ನನ್ನ ವರದಿಗಳನ್ನು ಇಲ್ಲಿಯವರೆಗೆ ಎಲ್ಲರೂ ಹೊಗಳಿದ್ದಾರೆ, ಪ್ರತಿ ಸಲವೂ ಒಂದೇ ಮಾತು ಬರುತ್ತದೆ, ತಾಳೆಯಾಗುತ್ತದೆ ಎಂದು. ತಾಳೆಯಾಗದೆ ಏನು, ಟೀವಿ ಒಂದೇ ತಾನೇ. ನಿನ್ನ ಭಾವ ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂತು ಎರಡು ವರ್ಷವಾಯಿತು. ಈ ಮನೆ ನಿಂತಿರುವುದು ನನ್ನ ಸಂಬಳದ ಮೇಲೆ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಕೇಳಿದರೆ ನೀನು ಹೇಳುವುದು ನನಗೆ ಗೊತ್ತು. ಭಯವಾಗುತ್ತಿದೆ, ಅದನ್ನಂತೂ ಯಾರಿಗಾದರೂ ಹೇಳಬೇಕಿತ್ತು.

ಅಕ್ಕ


ಏಪ್ರಿಲ್ ೨೪

ಅಕ್ಕಾ,

ಓದಿ ನಗು ಬಂತು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆ. ಆಮೇಲೆ ಆ ಕರಡಿಯನ್ನು ನೆನೆಸಿಕೊಂಡು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಸಿಟ್ಟು ಹೋಯಿತು. ಈಗ ನನ್ನ ಮಾತು ಕೇಳು. ಯಾರಿಗೂ ಹೇಳಬೇಡ. ಟೀವಿಯ ರಿಮೋಟಿನಲ್ಲಿ ಎರಡು ಗುಂಡಿ ಒತ್ತಿದರೆ ಸರಿಹೋಗುವ ವಿಷಯ, ಸದ್ದಿಲ್ಲದೆ ಸರಿಮಾಡಿಬಿಡು. ಎರಡನೇ ಸುತ್ತಿಗೆ ನಾನು ಇಳಿಸಿದ ಮೂಟೆಯಮ್ಮ ಬರುತ್ತಾಳೆ, ಸರಿಯಾದ ಪರದೆಯಲ್ಲಿ ಅವಳು ಯಾರಿಗೂ ದಪ್ಪ ಕಾಣುವುದಿಲ್ಲ, ಒಪ್ಪುತ್ತಾರೆ. ನಿನ್ನ ಕೋಣೆ ಉಳಿಯುತ್ತದೆ, ನನ್ನ ಜಾಗ ಉಳಿಯುತ್ತದೆ. ಅವಳು ಸ್ವಲ್ಪ ಇಳಿದಿರುತ್ತಾಳೆ, ಅಷ್ಟು ತಾನೇ. ಕೂದಲು, ಕಣ್ಣು, ತೋಳು ಎಲ್ಲ ಕೊಟ್ಟಾಗಿದೆ, ಸೊಂಟಕ್ಕೆ ಯಾಕೆ ಹಟ.

ಮೂಟೆಯಮ್ಮನಿಗೆ ಬಾಡಿಗೆ ಕಟ್ಟಬೇಕಿಲ್ಲ, ಭಾವನಿಗೆ ಮಾತ್ರೆ ತರಬೇಕಿಲ್ಲ. ನಿನಗೆ ಎರಡೂ ಇದೆ. ನೀನು ಬೀದಿಗೆ ಬಿದ್ದು ಅವಳು ಉಳಿಯುವುದು ನನಗೆ ಬೇಡ. ಈ ಕಾಗದ ತಲುಪಿದ ದಿನವೇ ರಿಮೋಟು ಕೈಗೆ ತೆಗೆದುಕೊ.

ನಿನ್ನ ತಮ್ಮ


ಮೇ ೧೮

ತಮ್ಮಾ,

ಹೇಳಬೇಡ ಎಂದು ನೀನು ಬರೆದ ಕಾಗದ ಬರುವ ಹೊತ್ತಿಗೆ ಹೇಳಿಯಾಗಿತ್ತು. ಸದ್ದಿಲ್ಲದೆ ಸರಿಮಾಡುವುದು ನನಗೂ ಹೊಳೆದಿತ್ತು. ರಿಮೋಟು ಕೈಯಲ್ಲಿ ಹಿಡಿದೂ ಇದ್ದೆ. ಆದರೆ ಹಾಗೆ ಮಾಡಿದ್ದರೆ ನೀನು ಕೊರೆದು ಕಳಿಸಿದವಳೇ ಜನರ ಮುಂದೆ ಬರುತ್ತಿದ್ದಳು. ಮೊದಲಿನವಳನ್ನು ಮತ್ತೆ ತರಿಸಬೇಕಾದರೆ ಕಾರಣ ಹೇಳಲೇಬೇಕು. ಮನೆಯಲ್ಲಿ ಹೇಳಿದಾಗ ನಿನ್ನ ಭಾವ ಸ್ವಲ್ಪ ಹೊತ್ತು ಮಂಡಿ ತಿಕ್ಕಿಕೊಂಡು, "ಹೇಳ್ಬಿಡು. ಆಮೇಲೆ ನೋಡ್ಕೊಳ್ಳೋಣ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬಂದ ದಿನಗಳು ಕಡಿಮೆ.

ನಮ್ಮ ಮೇಲಧಿಕಾರಿ ಕೇಳಿಸಿಕೊಂಡರು. ಬೈಯಲಿಲ್ಲ. ಅವರೂ ಸೋತುಹೋಗಿರುವ ಹೆಂಗಸು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ, "ಸರಿ. ಟೀವಿ ಸರಿ ಮಾಡ್ಸಿ. ಅದೇ ಜನಾನ ಮತ್ತೆ ಕರೀರಿ. ಇಬ್ಬರನ್ನೂ ತೋರ್ಸಿ" ಎಂದರು. ಕೆಲಸ ಹೋದರೂ ಹೋಗಲಿ, ನಿನ್ನವಳು ಗೆದ್ದೇ ಗೆಲ್ಲುತ್ತಾಳೆ ಎಂದುಕೊಂಡು ಹೊರಗೆ ಬಂದೆ. ಆ ವಾರ ನಾನು ಹಗುರವಾಗಿದ್ದೆ, ನಿಜ ಹೇಳುತ್ತೇನೆ.

ಹೋದ ಗುರುವಾರ ಅವರೆಲ್ಲ ಬಂದರು. ಕಪ್ಪು ಪಟ್ಟಿ ಬಿಟ್ಟು ಚಿತ್ರವನ್ನು ಸರಿಯಾದ ಅಳತೆಗೆ ಇಟ್ಟಿದ್ದೆ. ಮೊದಲು ನೀನು ಬರೆದವಳು ಬಂದಳು, ಆಮೇಲೆ ಕೊರೆದವಳು. ಇಬ್ಬರನ್ನೂ ಆಡಿಸಿದೆ.

ಎಲ್ಲರೂ ಎರಡನೆಯವಳನ್ನೇ ಆರಿಸಿದರು.

ನಾನು ತಡೆಯಲಾರದೆ ಗಾಜಿನ ಹಿಂದಿನಿಂದ ಎದ್ದು ಬಂದೆ, ಹಾಗೆ ಬರಬಾರದೆಂದು ನಿಯಮವಿದೆ. ಯಾಕೆ ಎಂದು ಕೇಳಿದೆ. ಡ್ರೈವರು, "ದಪ್ಪ ಅಂತಲ್ಲಮ್ಮ. ಆಟದಲ್ಲಿ ಯಾರೂ ಹಿಂಗಿರಲ್ಲ. ಇವಳು ಎಲ್ಲಿಂದಲೋ ಬಂದವಳ ಹಂಗಿದ್ದಾಳೆ" ಎಂದ. ಡಾಕ್ಟರಮ್ಮ, ಮನೆಯಲ್ಲಿ ಮಕ್ಕಳು ಮೂರು ವರ್ಷದಿಂದ ಆಡುವ ಆಟಗಳಲ್ಲಿ ಎಲ್ಲರೂ ತೆಳ್ಳಗೇ ಇದ್ದಾರೆ, ಈಗ ಇವಳನ್ನು ತಂದರೆ ಮುಟ್ಟುವುದಿಲ್ಲ ಎಂದರು. ಮೇಷ್ಟ್ರಿಗೆ ಟೀವಿಯ ಕಥೆಯನ್ನು ಬಿಡಿಸಿ ಹೇಳಿದೆ. ಅವರು ಚೌಕ ಎಷ್ಟು, ಅಗಲ ಎಷ್ಟು ಎಂದು ಕೇಳಿ, ಮನಸ್ಸಿನಲ್ಲೇ ಗುಣಿಸಿ, ಇಬ್ಬರನ್ನೂ ಮತ್ತೊಮ್ಮೆ ನೋಡಿದರು. "ಲೆಕ್ಕ ಸರಿಯಾಗಿದೆಯಮ್ಮಾ. ಮೊದಲನೆಯವಳೇ ಸರಿ. ಆದ್ರೆ ಕಣ್ಣಿಗೆ ಆ ಇನ್ನೊಬ್ಬಳೇ ಸರಿ ಅನ್ನಿಸ್ತಾಳೆ, ಏನ್ ಮಾಡ್ಲಿ ಹೇಳಿ" ಎಂದರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು.

ತಪ್ಪು ಹುಟ್ಟಿದ್ದು ನಮ್ಮ ಗೋಡೆಯ ಮೇಲೆ. ಈಗ ಅದು ಅವರ ಮನೆಮನೆಯಲ್ಲಿದೆ, ಅವರ ಇಷ್ಟವೇ ಆಗಿದೆ. ರಿಮೋಟು ಒತ್ತಿದರೆ ಟೀವಿ ಸರಿಹೋಯಿತು, ಅಷ್ಟೇ ಸರಿಹೋದದ್ದು.

ಮೇಲಧಿಕಾರಿಗೆ ಸಮಾಧಾನವಾಗಿದೆ. "ನೋಡಿ, ನಿಮ್ಮ ವರದಿ ಕೊನೆಗೂ ನಿಜಾನೇ ಆಯ್ತಲ್ಲ" ಎಂದರು. ನಮ್ಮ ಕೋಣೆ ಉಳಿಯುತ್ತದೆ, ಬೇರೆ ಊರಿನದು ಮುಚ್ಚುತ್ತದೆ. ಎರಡನೆಯವಳನ್ನೂ ಇನ್ನಷ್ಟು ಇಳಿಸಿದರೆ ಒಳ್ಳೆಯದು ಎಂದು ಇಬ್ಬರು ಹೇಳಿದ್ದಾರೆ, ಅದನ್ನೂ ಬರೆಯಲೇಬೇಕಾಯಿತು. ನನ್ನ ಕೈಯಾರೆ ಬರೆದೆ. ಕೆಲಸ ಉಳಿದದ್ದಕ್ಕೆ ಸಂತೋಷಪಡಲಾರೆ, ಉಳಿಯಿತಲ್ಲ ಎಂದು ಉಸಿರು ಬಿಟ್ಟದ್ದೂ ಸುಳ್ಳಲ್ಲ. ಇವೆರಡೂ ಒಟ್ಟಿಗೆ ಇರುವುದೇ ನನಗೆ ಅಸಹ್ಯವಾಗಿದೆ. ನಿನ್ನ ಗತಿ ಏನಾಯಿತು ಎಂದು ಬರೆ. ಬೈದಾದರೂ ಬರೆ.

ಅಕ್ಕ


ಜುಲೈ ೨೨

ಅಕ್ಕಾ,

ಕಲ್ಲುಮರದ ವಿಭಾಗದಿಂದ ಬರೆಯುತ್ತಿದ್ದೇನೆ. ಎರಡನೆಯವಳನ್ನೂ ಇನ್ನಷ್ಟು ಇಳಿಸಿ ಎಂದ ಮೇಲೆ ನಿಮ್ಮ ಪ್ರಾಂತ್ಯ ಒಪ್ಪಲಿಲ್ಲವೆಂದೇ ಇಲ್ಲಿ ಲೆಕ್ಕ ಹಿಡಿದರು. ಬೈಯಬೇಕೆನ್ನಿಸಿ ತಡಮಾಡಲಿಲ್ಲ, ಕಟ್ಟಡದ ಹಿಂಭಾಗಕ್ಕೆ ಮೇಜು ಸಾಗಿಸಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುವುದರಲ್ಲಿ ತಡವಾಯಿತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸುಸ್ತಿದೆ, ಅದು ಬೇರೆ. ಬೇಡ ಎಂದು ನಾನು ಬರೆದೆನಾದರೂ ನೀನು ಹೇಳಿದೆ ಎಂದು ಓದಿದಾಗ ನನ್ನ ಕಣ್ಣು ತುಂಬಿತು. ಈ ಕೆಲಸದಲ್ಲಿ ಇಷ್ಟು ವರ್ಷಗಳಲ್ಲಿ ನಾನು ಬರೆದ ಒಬ್ಬಳಿಗಾಗಿ ಎದ್ದು ನಿಂತವಳು ನೀನೊಬ್ಬಳೇ.

ಇಲ್ಲಿ ಕಿಟಕಿ ಇದೆ. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಹದಿನಾಲ್ಕು ವರ್ಷದಿಂದ ಬರೀ ಹುಲ್ಲು ಬರೆಯುತ್ತಿದ್ದಾರೆ. ನಾನು ಬಂದ ದಿನ ಅವರು, "ಇಲ್ಲಿ ನೆಮ್ಮದಿ ಕಣಪ್ಪಾ. ಬಂಡೆ ದಪ್ಪ ಆಯ್ತು ಅಂತ ಯಾವ ಪ್ರಾಂತ್ಯದವರೂ ಬರೆಯಲ್ಲ" ಎಂದರು. ಅದು ನಿಜ. ಇಲ್ಲಿಗೆ ಬಂದ ಮೇಲೆ ನನಗೆ ಒಂದು ಆಕ್ಷೇಪಣೆಯೂ ಬಂದಿಲ್ಲ.

ಮೂಟೆಯಮ್ಮನನ್ನು ಹೊಸ ಹುಡುಗಿಯೊಬ್ಬಳಿಗೆ ಕೊಟ್ಟಿದ್ದಾರೆ. ಒಳ್ಳೆಯ ಕೈ. ನಿಮ್ಮ ವರದಿಯಂತೆ ಇನ್ನಷ್ಟು ಇಳಿಸಿದಳು. ಹೋದ ತಿಂಗಳು ನನ್ನ ಹತ್ತಿರ ಬಂದು, "ಸರ್, ಹೊತ್ತ ಹಾಗೆ ಕಾಣ್ತಾನೇ ಇಲ್ಲ. ಬೆನ್ನು ಮುರಿಯುತ್ತೇನೋ ಅನ್ಸುತ್ತೆ. ಏನ್ ಮಾಡ್ಲಿ?" ಎಂದು ಕೇಳಿದಳು. ನಿಂತು ಹಿಮ್ಮಡಿ ಊರುವುದನ್ನು ತೋರಿಸಿದೆ, ಅವಳೂ ನನ್ನ ಜೊತೆ ಊರಿ ನೋಡಿದಳು. ಆ ಮೈಗೆ ಅದು ಹೊಂದಲಿಲ್ಲ. ಕೊನೆಗೆ ಮುಖ್ಯಸ್ಥರೇ ದಾರಿ ಹುಡುಕಿದರು. ಮೂಟೆಯನ್ನು ಚಿಕ್ಕದು ಮಾಡಿಸಿದರು. ಈಗ ಜನ ಊರು ಬಿಟ್ಟು ಹೋಗುವಾಗ ಅವಳ ಬೆನ್ನಿಗೆ ಒಂದು ಕೈಚೀಲದಷ್ಟು ಸಾಮಾನು ಕಟ್ಟುತ್ತಾರೆ. ಅವಳು ಸಲೀಸಾಗಿ ಓಡುತ್ತಾಳೆ. ಆಟ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ.

ಹೊಸ ಮೂಟೆಯಮ್ಮನನ್ನು ಒಂದು ದಿನ ನೋಡಿ ಬಂದೆ. ಚೆಂದದ ಹುಡುಗಿ. ನನಗೆ ಪರಿಚಯವಿಲ್ಲ.

ನನ್ನ ಪಾಲಿಗೆ ಬಂದದ್ದು ಆ ಬಂದರಿನ ಮೆಟ್ಟಿಲುಗಳು. ನೀರಿನಂಚಿನಿಂದ ಗುಡ್ಡದವರೆಗೆ ಹತ್ತುವ ಕಲ್ಲಿನ ಮೆಟ್ಟಿಲು, ಆಟವೆಲ್ಲ ಅವುಗಳ ಮೇಲೆಯೇ. ಆರು ವಾರ ಅದನ್ನೇ ಬರೆದೆ. ಪ್ರತಿ ಮೆಟ್ಟಿಲಿನ ನಡುವೆ ಕಲ್ಲನ್ನು ಸವೆಸಿದ್ದೇನೆ. ಎಡಗಾಲು ಬೀಳುವಲ್ಲಿ ಒಂದು ತಗ್ಗು, ಬಲಗಾಲು ಬೀಳುವಲ್ಲಿ ಒಂದು, ಎರಡೂ ಹಿಮ್ಮಡಿಯ ಕಡೆ ಆಳ. ವರ್ಷಾನುಗಟ್ಟಲೆ ಯಾರೋ ಮೈತುಂಬ ಭಾರವಿದ್ದವರು, ಬೆನ್ನಮೇಲೆ ಇನ್ನೂ ಭಾರ ಹೊತ್ತು ಅಲ್ಲಿ ಹತ್ತಿ ಇಳಿದಿದ್ದಾರೆ. ಹುಲ್ಲು ಬರೆಯುವವರು ನೋಡಿ, ತಗ್ಗಿನ ಅಂಚಿಗೆ ನಾಲ್ಕು ಎಸಳು ಹುಲ್ಲು ಬರೆದುಕೊಟ್ಟರು. ಮುಖ್ಯಸ್ಥರು ಒಪ್ಪಿ ಸಹಿ ಹಾಕಿದರು. ಯಾವ ಪ್ರಾಂತ್ಯದಿಂದಲೂ ತಕರಾರಿಲ್ಲ.

ಮುಂದಿನ ತಿಂಗಳು ಪೂರ್ತಿ ಆಟ ನಿನ್ನ ಕೋಣೆಗೆ ಬರುತ್ತದೆ. ಡ್ರೈವರು, ಡಾಕ್ಟರಮ್ಮ, ಮೇಷ್ಟ್ರು ಎಲ್ಲರೂ ಆ ಹುಡುಗಿಯನ್ನು ಆಡಿಸುತ್ತ ಆ ಮೆಟ್ಟಿಲು ಹತ್ತುತ್ತಾರೆ. ಅವರು ಬೇರೆ ಏನು ಹೇಳಿದರೂ ಬರೆದುಕೊ. ಮೆಟ್ಟಿಲುಗಳ ಬಗ್ಗೆ ಮಾತ್ರ ಅವರನ್ನು ಏನೂ ಕೇಳಬೇಡ.

ನಿನ್ನ ತಮ್ಮ